ಪಕ್ಕದ ಮನೆ ಅಂಕಲ್‌ಗೆ ತಕ್ಕಡಿ ಆರಿಸಿದ್ದು

ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಹಿದುಕುತ್ತಾ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೆ. ಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ ಅಂತ ಪಾತ್ರೆಗೆ ಹಾರುತ್ತದೆ. ಈ ಕೆಲಸಕ್ಕೆ ಕೂತರೆ ನನಗೆ ಅರೆನಿದ್ದೆ ಬಂದ ಹಾಗಾಗುತ್ತದೆ. ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಆಗಸ್ಟ್ ತಿಂಗಳು. ಅಮೆರಿಕದ ಮಿಷಿಗನ್ನಿನ ವಿಕ್ಸಮ್ ಊರಲ್ಲಿ ನಮ್ಮ ಬಾಡಿಗೆ ಮನೆಯ ಕಿಟಕಿ ಪಟ್ಟಿಗಳ ಸಂದಿನಿಂದ ಬಿಸಿಲು ಗೆರೆಗೆರೆಯಾಗಿ ಮೇಜಿನ ಮೇಲೆ ಬಿದ್ದಿತ್ತು. ಬೆಲ್ ಹೊಡೆಯಿತು.

ಬಾಗಿಲಲ್ಲಿ ಪಕ್ಕದ ಮನೆ ಅಂಕಲ್ ನಿಂತಿದ್ದರು. ಅಮೆರಿಕದವರು, ಎಪ್ಪತ್ತು ದಾಟಿದವರು. ಕಾರ್ಖಾನೆಗಳಿಗೆ ಅಚ್ಚು ಕೊರೆದುಕೊಡುವ ಕಸುಬಿನಲ್ಲಿ ನಲವತ್ತು ವರ್ಷ ಇದ್ದು ರಿಟೈರ್ ಆದವರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಈ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೀತಾರೆ, ಅಷ್ಟು ವಯಸ್ಸಾದವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ಮೊದಲನೇ ದಿನವೇ ಅಂಕಲ್ ಅಂದೆ. ಅವರಿಗೂ ಅದು ಹಿಡಿಸಿತು. ನನ್ನನ್ನು ಅವರು ಕರೆಯುತ್ತಿದ್ದದ್ದು 'ಯಂಗ್ ಲೇಡಿ' ಅಂತ. ಆಗ ನನಗೆ ಮೂವತ್ತೊಂಬತ್ತು.

ಒಳಗೆ ಬನ್ನಿ ಅನ್ನುವುದಕ್ಕೂ ಬಿಡದೆ, "ನನ್ನ ತಮ್ಮನ ಬಲಗಣ್ಣು ಹೋಯ್ತು" ಎಂದರು.

ಅವರ ತಮ್ಮ ಇರುವುದು ಮಿಷಿಗನ್ನಿನ ಉತ್ತರದ ತುದಿಯಲ್ಲಿ, ಕಾಡಿನ ಕಡೆ. ಇಬ್ಬರಿಗೂ ಒಂದೇ ಹವ್ಯಾಸ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೋಶವನ್ನು ಎಸೆಯುವುದಿಲ್ಲ. ಅದನ್ನು ತೊಳೆದು, ಮತ್ತೆ ಮದ್ದು ತುಂಬಿ, ತುದಿಗೆ ಹೊಸ ಗುಂಡು ಕೂರಿಸುತ್ತಾರೆ. ಆ ವರ್ಷ ಅಂಗಡಿಗಳಲ್ಲಿ ತೋಟಾ ಅನ್ನುವುದೇ ಸಿಗುತ್ತಿರಲಿಲ್ಲವಂತೆ, ಅದಕ್ಕೇ ಬಿಟ್ಟಿದ್ದವರೂ ಮತ್ತೆ ಶುರು ಮಾಡಿದ್ದರು. ತಮ್ಮನ ತಕ್ಕಡಿ ಕೆಟ್ಟಿತ್ತು. ಕಮ್ಮಿ ತೋರಿಸಿತು, ಅವನು ಹೆಚ್ಚು ತುಂಬಿದ. ಬಂದೂಕು ಮುಖದ ಹತ್ತಿರವೇ ಸಿಡಿಯಿತು.

"ನನ್ನದು ಇನ್ನೂ ಹಳೆಯದು" ಎಂದರು ಅಂಕಲ್. "ಕಡ್ಡಿ ತೂಗಾಡುವ ತಕ್ಕಡಿ. ಕೈ ನಡುಗುತ್ತೆ, ಗೆರೆ ಕಾಣೋದಿಲ್ಲ. ನವೆಂಬರ್‌ನಲ್ಲಿ ಜಿಂಕೆ ಬೇಟೆಯ ಸೀಸನ್. ನಿನ್ನ ಗಂಡ ತಕ್ಕಡಿ ಕೆಲಸದಲ್ಲೇ ಇದ್ದನಲ್ಲವಾ? ನನಗೆ ಸುಳ್ಳು ಹೇಳದ ತಕ್ಕಡಿ ಒಂದು ಬೇಕು. ಅವನೇ ಆರಿಸಿಕೊಡಲಿ."

ಇದ್ದನಲ್ಲವಾ, ಎಂದರು. ಆ ಮಾತು ಒಳಗೆ ಕೂತಿದ್ದ ನಮ್ಮನೆಯವರಿಗೂ ಕೇಳಿಸಿತು. ಫ್ಯಾಕ್ಟರಿಗಳ ತಕ್ಕಡಿ, ಮೀಟರು, ಮಾಪಕಗಳನ್ನೆಲ್ಲ ಪರೀಕ್ಷೆ ಮಾಡಿ ಸರಿ ಇದೆ ಅಂತ ಚೀಟಿ ಅಂಟಿಸುವ ಲ್ಯಾಬ್‌ನಲ್ಲಿ ಇವರು ಒಂಬತ್ತು ವರ್ಷ ಇದ್ದರು. ಕಾರಿನ ಕಂಪನಿಗಳು ಮಲಗಿದವು, ಕೆಲಸ ಕೊಡುವವರಿಲ್ಲದೆ ಆ ಲ್ಯಾಬೂ ಏಪ್ರಿಲ್‌ನಲ್ಲಿ ಮುಚ್ಚಿತು. ಅವತ್ತಿನಿಂದ ಇವರು ಊಟದ ಮೇಜಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವರು. ಯಾರಾದರೂ ಫೋನ್ ಮಾಡಿದರೆ "ಅಪ್ಲೈ ಮಾಡಿದೀನಿ" ಅನ್ನುವುದು, ಸುಮ್ಮನಾಗುವುದು. ಮನೆಯಲ್ಲಿ ಗಂಡಸು ಹಗಲಿಡೀ ಇದ್ದರೆ ಗಡಿಯಾರದ ಸದ್ದೂ ಜೋರಾಗಿ ಕೇಳಿಸುತ್ತದೆ.

ಅವತ್ತು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದರು. "ಎಷ್ಟು ಸೂಕ್ಷ್ಮ ಬೇಕು ನಿಮಗೆ?" ಅಂತ ಕೇಳಿದ ದನಿಯೇ ಬೇರೆ ಇತ್ತು. ಇಬ್ಬರೂ ಹೊಸಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡಿದರು. ಮದ್ದನ್ನು ಗ್ರಾಮಿನಲ್ಲಿ ಅಲ್ಲ, ಗ್ರೇನ್ ಅನ್ನುವ ಲೆಕ್ಕದಲ್ಲಿ ತೂಗುತ್ತಾರಂತೆ. ನಮ್ಮಪ್ಪ ಚಿನ್ನ ತೂಗುತ್ತಿದ್ದ ಗುಲಗಂಜಿ ಲೆಕ್ಕ ಇತ್ತಲ್ಲ, ಒಂದು ಗುಲಗಂಜಿಗೆ ಹೆಚ್ಚುಕಮ್ಮಿ ಎರಡು ಗ್ರೇನ್. ಅದು ಕೇಳಿದ ಮೇಲೆ ನನಗೆ ಆ ಮಾತು ಪರದೇಶದ್ದು ಅನ್ನಿಸಲಿಲ್ಲ.

ಆದರೂ ಮನಸ್ಸಿಗೆ ಮುಳ್ಳು. ಅವರೆಬೇಳೆ ಸಾರು ಬಡಿಸುತ್ತಾ ಹೇಳಿಯೇಬಿಟ್ಟೆ.

"ರೀ, ಜಿಂಕೆ ಹೊಡೆಯೋಕೆ ನಾವು ಸಹಾಯ ಮಾಡೋದಾ? ಮೊಟ್ಟೆ ಕೂಡ ಒಳಗೆ ತರದ ಮನೆ ಇದು."

"ಜಿಂಕೆ ಅವರು ಹೇಗಿದ್ರೂ ಹೊಡೀತಾರೆ ಕಣೇ, ಐವತ್ತು ವರ್ಷದಿಂದ ಹೊಡೀತಿದಾರೆ. ನಾನು ತಕ್ಕಡಿ ಆರಿಸಲ್ಲ ಅಂದ್ರೆ ಜಿಂಕೆ ಉಳಿಯಲ್ಲ, ಅವರ ಕಣ್ಣು ಹೋಗುತ್ತೆ."

"ಮದ್ದು ಮಾತ್ರ ಈ ಮನೆ ಒಳಗೆ ಬರಕೂಡದು."

"ಬೇಡ. ನಿನ್ನ ಸಾಸಿವೆ ಡಬ್ಬಿ ಕೊಡು, ಸಾಕು."

"ಸಾಸಿವೇನಾ? ಬಂದೂಕಿಗಾ?"

"ಪರೀಕ್ಷೆಗಮ್ಮಾ!"

ಅಷ್ಟು ತಿಂಗಳಾದ ಮೇಲೆ ಅವರು ನಕ್ಕಿದ್ದು ಅವತ್ತು. ದೇವರ ಮುಂದೆ ಬೆರಳ ಗೆಣ್ಣು ಎಣಿಸುವಾಗ ಅದನ್ನೂ ಒಂದು ಗೆಣ್ಣಿಗೆ ಸೇರಿಸಿದೆ. ನನಗೆ ಆ ಅಭ್ಯಾಸ ಉಂಟು. ಜಪ ಮುಗಿದ ಮೇಲೆ ಅವತ್ತಿನ ದಿನ ದೇವರು ಕೊಟ್ಟದ್ದನ್ನು ಒಂದೊಂದು ಗೆಣ್ಣಿಗೆ ಒಂದರಂತೆ ಹೇಳಿಕೊಳ್ಳುವುದು. ಆ ವರ್ಷ ಕೆಲವು ದಿನ ಎರಡು ಬೆರಳು ದಾಟುತ್ತಿರಲಿಲ್ಲ. ಹಾಲು ಉಕ್ಕಲಿಲ್ಲ, ಮಗಳ ಜ್ವರ ಇಳಿಯಿತು, ಕಾರು ಸ್ಟಾರ್ಟ್ ಆಯಿತು, ಇಂಥವೇ.

ಆಮೇಲಿನ ಮೂರು ವಾರ ನಮ್ಮ ಊಟದ ಮೇಜು ಮೇಜಾಗಿ ಉಳಿಯಲಿಲ್ಲ. ಅಂಕಲ್ ಎರಡು ತಕ್ಕಡಿ ತರಿಸಿದರು, ಬೇಡವಾದರೆ ವಾಪಸ್ ಮಾಡುವ ಮಾತಿನ ಮೇಲೆ. ಮೊದಲನೆಯದು ಅಂಗೈ ಅಗಲದ್ದು, ಬ್ಯಾಟರಿಯದು. ನೋಡಲು ಮುದ್ದಾಗಿತ್ತು. ನಮ್ಮನೆಯವರು ಇಕ್ಕಳದಲ್ಲಿ ಸಾಸಿವೆಯನ್ನು ಒಂದೊಂದೇ ಕಾಳಾಗಿ ಅದರ ತಟ್ಟೆಗೆ ಬಿಡುತ್ತಾ ಹೋದರು. ಹತ್ತು ಕಾಳು ಬಿತ್ತು, ಸೊನ್ನೆ. ಹದಿನೈದು ಬಿತ್ತು, ಆಗಲೂ ಸೊನ್ನೆ. ಅಷ್ಟನ್ನೇ ಒಟ್ಟಿಗೆ ಸುರಿದರೆ ಸರಿಯಾಗಿ ತೋರಿಸಿತು.

"ನಿಧಾನವಾಗಿ ಬಂದದ್ದನ್ನ ಇದು ಲೆಕ್ಕಕ್ಕೇ ತಗೊಳಲ್ಲ" ಎಂದರು. "ಗಾಳಿಗೆ ಅಲ್ಲಾಡಿರಬೇಕು ಅಂದುಕೊಂಡು ತಾನೇ ಸೊನ್ನೆ ಮಾಡಿಕೊಂಡುಬಿಡುತ್ತೆ. ಅಂಕಲ್ ಮದ್ದನ್ನ ಕಡೆಗೆ ಚಿಟಿಕೆ ಚಿಟಿಕೆ ಉದುರಿಸ್ತಾರೆ. ಇದು ಬೇಡ."

ಎರಡನೆಯದಕ್ಕೆ ಬಟನ್‌ಗಳು ಬಹಳ. ಅದರ ಕಡೆಯ ಅಂಕಿಗೆ ನಿಲ್ಲುವ ಚಾಳಿಯೇ ಇರಲಿಲ್ಲ. ಮೂರು, ಐದು, ಮೂರು, ಏಳು. ಸೆಲ್‌ಫೋನ್ ಪಕ್ಕದಲ್ಲಿಟ್ಟರೆ ಬೆಚ್ಚಿಬೀಳುತ್ತಿತ್ತು. ನಮ್ಮನೆಯವರು ಮೇಜಿನ ಕಾಲಿಗೆ ಕಾಗದ ಮಡಚಿಟ್ಟರು, ಲೈಟು ಬದಲಾಯಿಸಿದರು. ನಾನು ಹೋಗಿ ನೆಲದಲ್ಲಿದ್ದ ಏಸಿಯ ಕಿಂಡಿಯ ಮೇಲೆ ಚಾಪೆ ಹಾಕಿದೆ. ಸ್ವಲ್ಪ ತೆಪ್ಪಗಾಯಿತು. ಇವರು ನನ್ನ ಮುಖ ನೋಡಿದರು.

"ನಿಂಗೆ ಹೇಗೆ ಗೊತ್ತಾಯ್ತು?"

"ಅಪ್ಪನ ಅಂಗಡೀಲಿ ಫ್ಯಾನೇ ಇರಲಿಲ್ಲ" ಎಂದೆ.

ನಮ್ಮಪ್ಪ ಅಕ್ಕಸಾಲಿ. ಮೈಸೂರಿನಲ್ಲಿ ಎಂಟಡಿ ಅಗಲದ ಅಂಗಡಿ, ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ತಕ್ಕಡಿ. ಮೇ ತಿಂಗಳ ಸೆಖೆಯಲ್ಲೂ ಫ್ಯಾನ್ ಇಲ್ಲ. ಅಪ್ಪ ತೂಗುವಾಗ ನಾವು ಮಕ್ಕಳು ಉಸಿರು ಕಟ್ಟಿ ನಿಲ್ಲಬೇಕಿತ್ತು, ಗಿರಾಕಿಗಳೂ ಅಷ್ಟೆ. ಮುಳ್ಳು ಆಚೆಗೊಮ್ಮೆ ಈಚೆಗೊಮ್ಮೆ ವಾಲಿ ವಾಲಿ ನಡುವಿಗೆ ಬಂದು ನಿಲ್ಲುವ ತನಕ ಬೀದಿಯ ಸದ್ದೆಲ್ಲ ದೂರ ಹೋಗಿಬಿಡುತ್ತಿತ್ತು. ನಿಂತಿತು ಅಂದ ಕೂಡಲೇ ಎಲ್ಲರೂ ಒಟ್ಟಿಗೆ ಉಸಿರು ಬಿಡುವುದು. ಆ ಉಸಿರಿನ ಸದ್ದು ನನಗೆ ಇವತ್ತಿಗೂ ಮಂಗಳಾರತಿಯ ಕೊನೆಯ ಕ್ಷಣದ ಹಾಗೆ. ವಿಕ್ಸಮ್‌ನ ಆ ಮಧ್ಯಾಹ್ನಗಳಲ್ಲಿ ಮಗಳು ಸ್ಕೂಲಿಗೆ ಹೋಗಿ, ಮನೆ ನಿಶ್ಶಬ್ದವಾಗಿ, ನಾವಿಬ್ಬರೂ ಕೆಂಪು ಅಂಕಿಗಳನ್ನೇ ನೋಡುತ್ತಾ ಉಸಿರು ಹಿಡಿದು ಕೂತಿರುವಾಗ, ನಾನು ಯಾವ ಊರಿನಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತಿತ್ತು. ಕಿಟಕಿಯಾಚೆ ಹಿತ್ತಿಲಿಗೆ ಕೆಲವು ಸಲ ಜಿಂಕೆಗಳೇ ಬಂದು ಹೂಗಿಡ ಮೇಯುತ್ತಿದ್ದವು. ಅವುಗಳ ಕಡೆ ನಾನು ನೋಡುತ್ತಿರಲಿಲ್ಲ. ನೋಡಿದರೆ ಏನಾದರೂ ಹೇಳಬೇಕಾಗುತ್ತಿತ್ತು.

ಎರಡನೆಯದೂ ವಾಪಸ್ ಹೋಯಿತು. ಮೂರನೆಯದು ಸಿಕ್ಕಿದ್ದು ಹರಾಜಿನಲ್ಲಿ. ಇವರ ಮುಚ್ಚಿದ ಲ್ಯಾಬಿನ ಸಾಮಾನುಗಳನ್ನೇ ಹರಾಜು ಹಾಕುತ್ತಿದ್ದರು. ಇವರು ಹೋಗಲಾರೆ ಅಂದರು. ಅಂಕಲ್ ಬಲವಂತ ಮಾಡಿ ತಮ್ಮ ಟ್ರಕ್‌ನಲ್ಲಿ ಕೂರಿಸಿಕೊಂಡು ಹೋದರು. ಸಂಜೆ ಬಂದಾಗ ಇಬ್ಬರ ನಡುವೆ ಸೀಟಿನ ಮೇಲೆ ಟವೆಲ್ ಸುತ್ತಿದ ತಕ್ಕಡಿ ಕೂತಿತ್ತು, ಮಗುವಿನ ಹಾಗೆ ಬೆಲ್ಟ್ ಹಾಕಿಸಿಕೊಂಡು. ಭಾರದ್ದು, ಗಾಜಿನ ಮುಚ್ಚಳದ್ದು. ಬಿಸಿಯಾಗಲು ಅರ್ಧ ಗಂಟೆ ಬೇಕು. ಪಕ್ಕದಲ್ಲಿ ಇವರದೇ ಕೈಬರಹದ ಚೀಟಿ ಇನ್ನೂ ಅಂಟಿಕೊಂಡಿತ್ತು. ಇವರು ಚೀಟಿಯ ಮೇಲೆ ಒಂದು ಸಲ ಬೆರಳಾಡಿಸಿ ಒಳಗೆ ಹೋದರು.

ಒಂದೇ ಒಂದು ಸಾಸಿವೆ ಹಾಕಿದರೂ ಆ ತಕ್ಕಡಿಯ ಕಡೆಯ ಅಂಕಿ ಮೇಲೇಳುತ್ತಿತ್ತು. ತೆಗೆದರೆ ತಿರುಗಿ ಸೊನ್ನೆಗೆ ಬಂದು ನಿಲ್ಲುತ್ತಿತ್ತು. ಒಂದು ವಾರ ಬೆಳಿಗ್ಗೆ ಸಂಜೆ ನೋಡಿದರು. ಜೊತೆಗೊಂದು ಪುಟ್ಟ ಮರದ ಪೆಟ್ಟಿಗೆ ಇತ್ತು, ಅದರೊಳಗೆ ಇಪ್ಪತ್ತು ಗ್ರಾಮಿನ ತೂಕದ ಬಟ್ಟು, ಹೊಳೆಯುವ ಸ್ಟೀಲಿನದು, ಮೇಲೊಂದು ಗುಂಡಗಿನ ತಲೆ. ಅದನ್ನು ಬೆರಳಲ್ಲಿ ಮುಟ್ಟಬಾರದು, ಬಟ್ಟೆಯಲ್ಲೇ ಹಿಡಿಯಬೇಕು. ದಿನಾ ಕೆಲಸಕ್ಕೆ ಮೊದಲು ಅದನ್ನು ತಟ್ಟೆಯ ಮೇಲಿಟ್ಟು, ಇಪ್ಪತ್ತು ಅಂತ ತೋರಿಸಿದರೆ ಮಾತ್ರ ಮುಂದಿನ ಕೆಲಸ.

"ಇದೇ" ಎಂದರು ನಮ್ಮನೆಯವರು. "ಇದು ಸುಳ್ಳು ಹೇಳಲ್ಲ. ನಾನು ಬರೆದುಕೊಡ್ತೀನಿ."

ನಾಳೆ ನಾಡಿದ್ದರಲ್ಲಿ ಕೊಡುವುದು ಅನ್ನುವಷ್ಟರಲ್ಲಿ ಆಯುಧಪೂಜೆ ಬಂತು. ಆ ವರ್ಷ ಇವರಿಗೆ ಕೆಲಸವಿಲ್ಲ, ಲ್ಯಾಪ್‌ಟಾಪ್ ಬಿಟ್ಟರೆ ಪೂಜೆಗೆ ಇಡಲು ಇವರದು ಅಂತ ಸಾಮಾನೇ ಇಲ್ಲ ಅಂತ ನನಗೆ ಸಂಕಟ. ತಕ್ಕಡಿಯನ್ನೇ ಇಟ್ಟೆ. ಹೊಲಿಗೆ ಮಿಷನ್, ಈಳಿಗೆಮಣೆ, ಕಾರಿನ ಕೀ, ಮಗಳ ವಯಲಿನ್, ಅದರ ಪಕ್ಕ ತಕ್ಕಡಿ. ಗಾಜಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ. ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ವೀಳ್ಯದೆಲೆಯ ಮೇಲೆ ಆ ತೂಕದ ಬಟ್ಟನ್ನು ನಿಲ್ಲಿಸಿದೆ, ಬಟ್ಟೆಯಲ್ಲೇ ಹಿಡಿದು. ಮೂವರೂ ಕೈತುಂಬ ಅಕ್ಷತೆ ಹಿಡಿದು ಹಾಕಿ ನಮಸ್ಕಾರ ಮಾಡಿದೆವು. ಚಾಮುಂಡಿ ತಾಯಿ, ಇದನ್ನು ಹಿಡಿದವರ ಕಣ್ಣು ಕಾಪಾಡು ಅಂತ ಬೇಡಿಕೊಂಡು ನಾನು ಇನ್ನೊಂದು ಹಿಡಿ ಹಾಕಿದೆ.

ಮಾರನೇ ದಿನ ವಿಜಯದಶಮಿ. ಒಳ್ಳೆಯ ದಿನ ಅಂತ ನಾನೇ ಅವಸರ ಮಾಡಿದೆ. ಕುಂಕುಮ ಒರೆಸಿ, ಮೇಲಿದ್ದ ಅಕ್ಷತೆಯನ್ನು ಗುಡಿಸಿ, ಮುಚ್ಚಳ ಹಾಕಿ, ಪೆಟ್ಟಿಗೆಯನ್ನೂ ಜೊತೆಗಿಟ್ಟು ಕೊಟ್ಟೆ. ಇವರು ಹೋಗಿ ಅಂಕಲ್‌ರ ಬೇಸ್‌ಮೆಂಟಿನಲ್ಲಿ ಮಟ್ಟ ನೋಡಿ ಕೂರಿಸಿ, ಪ್ಲಗ್ ಹಾಕಿ, "ಅರ್ಧ ಗಂಟೆ ಬಿಟ್ಟು, ಬಟ್ಟು ಇಟ್ಟು ನೋಡಿ ಶುರು ಮಾಡಿ" ಅಂತ ಹೇಳಿ ಬಂದರು. ಬರುವಷ್ಟರಲ್ಲಿ ಇವರ ಫೋನಿಗೆ ಶಿಕಾಗೋ ಕಡೆಯಿಂದ ಕರೆ. ಲೊಂಬಾರ್ಡ್ ಹತ್ತಿರ ಆರು ವಾರದ ಕೆಲಸ, ಬುಧವಾರವೇ ಬರಬೇಕು. ಐದು ಗಂಟೆಯ ಡ್ರೈವ್. ಹಳೇ ಸ್ನೇಹಿತರ ಅಪಾರ್ಟ್‌ಮೆಂಟಿನ ಸೋಫಾ ಮೇಲೆ ಮಲಗಲು ಜಾಗವೂ ಸಿಕ್ಕಿತು. ಆ ದಿನ ನನ್ನ ಬೆರಳ ಗೆಣ್ಣು ಸಾಲಲಿಲ್ಲ.

ಇವರು ಮಂಗಳವಾರ ಕಾರಿನಲ್ಲಿ ಹೊರಟುಹೋದರು. ಶುಕ್ರವಾರ ಬೆಳಿಗ್ಗೆ ಎದ್ದಾಗ ಕಿಟಕಿಯಾಚೆ ಏನೂ ಇರಲಿಲ್ಲ. ಮಂಜು. ಅಂಕಲ್ ಮನೆ ಇಲ್ಲ, ಬೀದಿ ಇಲ್ಲ, ಹಾಲಿನೊಳಗೆ ಮನೆಯನ್ನು ಅದ್ದಿ ಇಟ್ಟ ಹಾಗೆ. ಮಗಳನ್ನು ಕೈಹಿಡಿದು ಸ್ಕೂಲ್ ಬಸ್ಸಿನ ತನಕ ಕರೆದುಕೊಂಡು ಹೋದೆ. ಬಸ್ಸಿನ ಹಳದಿ ದೀಪ ಮೊದಲು ಬಂತು, ಬಸ್ಸು ಆಮೇಲೆ ಬಂತು. "ಅಮ್ಮಾ, ಐ ಕೆನ್ ವಾಕ್ ಬೈ ಮೈಸೆಲ್ಫ್" ಅಂತ ಸಿಡುಕಿ ಹತ್ತಿದಳು. ತಿರುಗಿ ಬರುವಾಗ ಈ ಹಾಳು ಮಂಜಿನಲ್ಲಿ ಇವರು ಅಲ್ಲಿ ಕೆಲಸಕ್ಕೆ ಹೇಗೆ ಡ್ರೈವ್ ಮಾಡುತ್ತಾರೋ ಅಂತ ಬೈದುಕೊಂಡೆ.

ಸ್ನಾನ ಮಾಡಿ ದೇವರ ಗೂಡು ಒರೆಸಲು ನಿಂತೆ. ಹಬ್ಬದ ಗಡಿಬಿಡಿಯಲ್ಲಿ ಎಲ್ಲ ಪೂಜೆ ಸಾಮಾನನ್ನೂ ಒಂದೇ ತಟ್ಟೆಗೆ ತುಂಬಿ ಹಿಂದಕ್ಕೆ ತಳ್ಳಿದ್ದೆ. ಒಂದೊಂದಾಗಿ ತೆಗೆದೆ. ಘಂಟೆ, ಆರತಿ, ಬೆಳ್ಳಿಯ ಕುಂಕುಮದ ಭರಣಿ, ಅದರ ಮುಚ್ಚಳ. ಮುಚ್ಚಳ ಭರಣಿಯ ಮೇಲೆ ಆಗಲೇ ಇತ್ತು. ಹಾಗಾದರೆ ಕೈಯಲ್ಲಿರುವುದು ಏನು?

ಇಪ್ಪತ್ತು ಗ್ರಾಮಿನ ಬಟ್ಟು. ಗುಂಡಗಿನ ತಲೆ ನೋಡಿ ಮುಚ್ಚಳ ಅಂದುಕೊಂಡು ತೆಗೆದಿಟ್ಟಿದ್ದೇನೆ. ಅಂಕಲ್‌ಗೆ ಕೊಟ್ಟದ್ದು ಖಾಲಿ ಪೆಟ್ಟಿಗೆ.

ಲೊಂಬಾರ್ಡ್‌ಗೆ ಫೋನ್ ಮಾಡಿದೆ.

"ಬಟ್ಟು ಇಲ್ದೆ ಅವರು ಶುರು ಮಾಡಿರಲ್ಲ ಬಿಡು" ಎಂದರು ಇವರು, ಆದರೆ ದನಿ ತೆಳುವಾಗಿತ್ತು. "ನಾನು ಒಂದು ವಾರ ನೋಡಿದ್ದೀನಲ್ಲ, ತಕ್ಕಡಿ ಸರಿಯಾಗಿದೆ."

"ನೀವು ನೋಡಿದ್ದು ಪೂಜೆಗೆ ಮುಂಚೆ."

"ಪೂಜೆಯಿಂದ ಏನಾಗುತ್ತೆ?"

ಅಪ್ಪನ ಅಂಗಡಿಯ ಆಯುಧಪೂಜೆ ಕಣ್ಣಿಗೆ ಬಂತು. ಅಪ್ಪ ಇಕ್ಕಳಕ್ಕೆ, ಸುತ್ತಿಗೆಗೆ, ಊದುಕೊಳವೆಗೆಲ್ಲ ಅಕ್ಷತೆ ಹಾಕುತ್ತಿದ್ದರು. ತಕ್ಕಡಿಯ ಪೆಟ್ಟಿಗೆಗೆ ಮಾತ್ರ ಹೊರಗಿನಿಂದ ಒಂದು ಸೇವಂತಿಗೆ ಇಟ್ಟು ಕೈಮುಗಿಯುತ್ತಿದ್ದರು, ಗಾಜು ತೆರೆಯುತ್ತಿರಲಿಲ್ಲ. ಇಪ್ಪತ್ತು ವರ್ಷ ಅದನ್ನು ನೋಡಿದ್ದೇನೆ. ಯಾಕೆ ಅಂತ ಒಂದು ದಿನವೂ ಕೇಳಿಲ್ಲ.

"ರೀ, ಎರಡು ಹಿಡಿ ಅಕ್ಷತೆ ಹಾಕಿದೀನಿ. ಮೇಲಿಂದಷ್ಟೇ ಗುಡಿಸಿದ್ದು. ತಟ್ಟೆ ಎತ್ತಿ ನೋಡಲಿಲ್ಲ."

ಇವರು ಒಂದೊಂದೇ ಮಾತಾಗಿ ಹೇಳಿದರು. "ತಟ್ಟೆ ಕೆಳಗೆ ಒಂದು ಕಾಳು ಸಿಕ್ಕಿಕೊಂಡಿದ್ರೆ, ಭಾರದಲ್ಲಿ ಒಂದು ಪಾಲನ್ನ ಅದು ಹೊತ್ಕೊಳ್ಳುತ್ತೆ. ಉಳಿದದ್ದನ್ನ ಮಾತ್ರ ತಕ್ಕಡಿ ಹೇಳುತ್ತೆ. ಕಮ್ಮಿ ತೋರಿಸುತ್ತೆ. ಅವರ ತಮ್ಮನಿಗೆ ಆದದ್ದೂ ಅದೇ ಅಲ್ವಾ. ಹೋಗು. ಈಗಲೇ ಹೋಗು. ಹಾರಿಸೋಕೆ ಬಿಡಬೇಡ."

ಚಪ್ಪಲಿಯಲ್ಲೇ ಹುಲ್ಲು ದಾಟಿ ಓಡಿದೆ. ಅಂಕಲ್‌ರ ಮನೆ ಮಂಜಿನೊಳಗಿಂದ ಮೆಲ್ಲಗೆ ಎದ್ದು ಬಂತು. ಡ್ರೈವ್‌ವೇ ಖಾಲಿ. ಟ್ರಕ್ ಇಲ್ಲ. ಬೆಲ್ ಒತ್ತಿದೆ, ಅವರ ಫೋನಿಗೆ ಮಾಡಿದೆ. ಫೋನು ಒಳಗೇ ಎಲ್ಲೋ ಹೊಡೆದುಕೊಳ್ಳುವುದು ಬಾಗಿಲಿನಾಚೆಯಿಂದ ಕೇಳಿಸಿತು. ಬಾಗಿಲಿನ ಗಾಜಿಗೆ ಅವರು ಎಲ್ಲಿಗೆ ಹೋದರೂ ಚೀಟಿ ಅಂಟಿಸಿ ಹೋಗುವ ಅಭ್ಯಾಸ, ಹೆಂಡತಿ ಇದ್ದಾಗಿನಿಂದ. ಅವತ್ತೂ ಇತ್ತು. 'ರೇಂಜ್‌ಗೆ ಹೋಗಿದ್ದೇನೆ. ಊಟಕ್ಕೆ ಬರುತ್ತೇನೆ.' ರೇಂಜ್ ಅಂದರೆ ಗುರಿ ಹೊಡೆದು ಅಭ್ಯಾಸ ಮಾಡುವ ಮೈದಾನ.

ಎಲ್ಲಿದೆ ಆ ಮೈದಾನ, ಹೆಸರೇನು, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕಾರನ್ನು ಇವರು ಲೊಂಬಾರ್ಡ್‌ಗೆ ತೆಗೆದುಕೊಂಡು ಹೋಗಿದ್ದರು.

ಮೆಟ್ಟಿಲ ಮೇಲೆ ಕೂತೆ. ಮುಷ್ಟಿಯಲ್ಲಿ ಕರವಸ್ತ್ರ, ಕರವಸ್ತ್ರದೊಳಗೆ ಬಟ್ಟು. ಜಪ ಮಾಡೋಣವೆಂದರೆ ಮಂತ್ರ ಅರ್ಧಕ್ಕೇ ನಿಂತುಹೋಗುತ್ತಿತ್ತು. ಮಂಜಿನಲ್ಲಿ ಹೊತ್ತು ಎಷ್ಟಾಯಿತೆಂದು ತಿಳಿಯುವುದಿಲ್ಲ. ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತದೆ, ನೆರಳು ಬೀಳುವುದಿಲ್ಲ. ಎಲೆಗಳಿಂದ ಹನಿ ಬೀಳುವ ಸದ್ದು ಮಾತ್ರ. ಒಂದು ಹೊತ್ತಿನಲ್ಲಿ ನಾನು ಅಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೇನೆ ಅನ್ನಿಸಿತು. ಒಳಗೆ ಮುಳ್ಳು ಇನ್ನೂ ವಾಲುತ್ತಿದೆ, ಯಾರೂ ಉಸಿರು ಬಿಟ್ಟಿಲ್ಲ. ಎಲ್ಲೋ ದೂರದಲ್ಲಿ ಸದ್ದಾದಾಗಲೆಲ್ಲ ಅದು ಬಂದೂಕಿನದೇ ಅಂತ ಆ ಕಡೆ ತಿರುಗುತ್ತಿದ್ದೆ. ಯಾವುದೋ ಕಾರಿನ ಬಾಗಿಲಿರಬೇಕು. ಕಸದ ಡಬ್ಬಿ ಇರಬೇಕು.

ತಾಯಿ, ನಿನ್ನ ಅಕ್ಷತೆಯೇ ಅಲ್ಲವೇ ಅದು, ಅಂತ ಬಾಯಿಬಿಟ್ಟು ಕೇಳಿದೆ. ಜಗಳದ ದನಿಯಲ್ಲೇ ಕೇಳಿದೆ, ಸುಳ್ಳು ಯಾಕೆ ಹೇಳಲಿ. ಕಣ್ಣು ಕಾಪಾಡು ಅಂತ ಹಾಕಿದ್ದು.

ಎರಡು ಮಂಕು ದೀಪಗಳು ಬೀದಿಯ ತಿರುವಿನಲ್ಲಿ ಕಂಡವು. ನಿಧಾನವಾಗಿ ದೊಡ್ಡದಾದವು. ಟ್ರಕ್ ಡ್ರೈವ್‌ವೇಗೆ ಬಂದು ನಿಂತಿತು, ಬಾಗಿಲು ತೆರೆಯಿತು, ಮೊದಲು ಬೈಗುಳ ಇಳಿಯಿತು, ಆಮೇಲೆ ಅಂಕಲ್ ಇಳಿದರು. ನಾನು ಮೊದಲು ನೋಡಿದ್ದು ಅವರ ಕಣ್ಣನ್ನು. ಎರಡೂ ಇದ್ದವು. ನೀಲಿ, ಕೋಪದಿಂದ ಒದ್ದೆ.

"ಎರಡು ಗಂಟೆ!" ಎಂದರು. "ಎರಡು ಗಂಟೆ ಟ್ರಕ್‌ನಲ್ಲಿ ಕೂತು ತಣ್ಣನೆ ಕಾಫಿ ಕುಡಿದೆ. ಈ ಮಂಜಿನಲ್ಲಿ ಗುರಿಹಲಗೆಯೇ ಕಾಣಲ್ಲ ಅಂತ ಗೇಟು ತೆಗೆಯಲಿಲ್ಲ ಆ ಮನುಷ್ಯ. ನನ್ನ ಐವತ್ತು ತೋಟಾ, ಒಂದನ್ನೂ ಹಾರಿಸಲಿಲ್ಲ. ಯಂಗ್ ಲೇಡಿ, ನೀನೇನು ಇಲ್ಲಿ? ಯಾಕಮ್ಮ ಅಳ್ತಿದೀಯಾ?"

ನಾನು ಏನು ಹೇಳಿದೆನೋ, ಇಂಗ್ಲಿಷ್ ಎಷ್ಟು, ಕನ್ನಡ ಎಷ್ಟು, ನೆನಪಿಲ್ಲ. ಕರವಸ್ತ್ರ ಬಿಚ್ಚಿ ತೋರಿಸಿದೆ. ಅವರು ಬಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲ ಬೀಗ ತೆಗೆದರು.

ಬೇಸ್‌ಮೆಂಟಿನಲ್ಲಿ ಬೆಂಚು ದೇವರಮನೆಯಷ್ಟು ಚೊಕ್ಕಟವಾಗಿತ್ತು. ತಕ್ಕಡಿಯ ಅಂಕಿ ಉರಿಯುತ್ತಲೇ ಇತ್ತು, ಅವರು ಸ್ವಿಚ್ ಆಫ್ ಮಾಡಿರಲಿಲ್ಲ. ಸೊನ್ನೆ ತೋರಿಸುತ್ತಿತ್ತು, ಅಷ್ಟು ಮುಗ್ಧವಾಗಿ. ನಾನು ಗಾಜು ತೆಗೆದು ಬಟ್ಟೆಯಲ್ಲಿ ಹಿಡಿದು ಬಟ್ಟನ್ನು ಇಟ್ಟೆ. ಇಬ್ಬರೂ ಉಸಿರು ಹಿಡಿದೆವು.

ಹತ್ತೊಂಬತ್ತೂ ಚಿಲ್ಲರೆ. ಇಪ್ಪತ್ತಕ್ಕೆ ಏರಲಿಲ್ಲ.

ಅಂಕಲ್ ತಟ್ಟೆಯನ್ನು ಎತ್ತಿದರು. ಕೆಳಗೆ, ನಡುವಿನ ಕಡ್ಡಿಯ ಪಕ್ಕ, ಅರಿಶಿನ ಬಣ್ಣದ ಒಂದು ಅಕ್ಕಿ ಕಾಳು ಒರಗಿಕೊಂಡಿತ್ತು. ತುದಿಯಲ್ಲಿ ಚೂರು ಕುಂಕುಮ.

"ಏನಿದು?"

"ಅಕ್ಕಿ. ನಾನೇ ಹಾಕಿದ್ದು. ನಿಮ್ಮ ಕಣ್ಣು ಚೆನ್ನಾಗಿರಲಿ ಅಂತ."

ಅವರಿಗೆ ಸಿಟ್ಟು ಬಂದಿತ್ತು, ಅದು ಅವರ ಕುತ್ತಿಗೆಯಲ್ಲಿ ಕೆಂಪಾಗಿ ಕಾಣುತ್ತಿತ್ತು. ಬರಬೇಕಾದದ್ದೇ. ಆದರೆ ಅವರು ಬೈದುಕೊಂಡದ್ದು ತಮ್ಮನ್ನು ತಾವೇ.

"ಪೆಟ್ಟಿಗೆ ಖಾಲಿ ಇದ್ದದ್ದು ಮಂಗಳವಾರವೇ ನೋಡಿದೆ. ನಿನ್ನ ಗಂಡ ಪರೀಕ್ಷೆ ಮಾಡಿದ್ದಾನೆ, ಇನ್ನು ನಾನ್ಯಾಕೆ ನೋಡಲಿ ಅಂತ ಕೂತೆ. ನಲವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟೆ, ಅಳತೆಗೋಲನ್ನ ದಿನಾ ನೋಡು, ಕೊಟ್ಟವನ ಮುಖ ನೋಡಬೇಡ ಅಂತ. ಮುದಿ ಕತ್ತೆ ನಾನು."

ಅವರು ಟ್ರಕ್‌ನಿಂದ ತೋಟಾಗಳ ಡಬ್ಬ ತಂದರು. ಸುತ್ತಿಗೆಯ ಹಾಗಿದ್ದ ಒಂದು ಪ್ಲಾಸ್ಟಿಕ್ ಸಾಮಾನಿನ ಒಳಗೆ ತೋಟಾ ಇಟ್ಟು ಕುಟ್ಟಿದರೆ ಗುಂಡು ಬೇರೆ ಮದ್ದು ಬೇರೆ ಆಗಿ ಬೀಳುತ್ತದೆ. ಅಕ್ಕಿ ತೆಗೆದ ಮೇಲೆ ಬಟ್ಟು ಇಟ್ಟು ನೋಡಿದೆವು, ಇಪ್ಪತ್ತಕ್ಕೆ ಬಂದು ನಿಂತಿತು. ಮೊದಲನೇ ತೋಟಾದ ಮದ್ದನ್ನು ತೂಗಿದರು. ಹೆಚ್ಚು. ಎರಡನೆಯದೂ ಹೆಚ್ಚು. ಮೂರನೆಯದನ್ನು ತೂಗಿ, ಅಂಕಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಸಿಡಿಯುತ್ತಿತ್ತಾ ಅಂಕಲ್?"

"ಸಿಡಿಯುತ್ತಿತ್ತೋ ಇಲ್ಲವೋ. ತಿಳ್ಕೊಳ್ಳೋ ಆಸೆ ನನಗಿಲ್ಲ" ಎಂದರು.

ಆಮೇಲೆ ತೂಗಲಿಲ್ಲ. ಕುಟ್ಟುತ್ತಾ ಹೋದರು. ಕೈ ಸೋತಾಗ ಸುತ್ತಿಗೆ ನನ್ನ ಕಡೆ ಚಾಚಿದರು. ಮದ್ದು ಮನೆಯೊಳಗೆ ಬರಕೂಡದು ಅಂದವಳು ಅವರ ಬೆಂಚಿನ ಮುಂದೆ ನಿಂತು, ಅವರು ತೋರಿಸಿದ ಹಾಗೆ ಕುಟ್ಟಿದೆ. ಐವತ್ತೂ ಬಿಚ್ಚುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಕಪ್ಪು ಮದ್ದು ಬೋಗುಣಿಯಲ್ಲಿ ಕೂಡುತ್ತಾ ಹೋಯಿತು, ಹಿತ್ತಾಳೆ ಕೋಶಗಳು ಒಂದು ಕಡೆ, ತಾಮ್ರದ ಗುಂಡುಗಳು ಒಂದು ಕಡೆ. ಬಾಯಲ್ಲಿ ನನಗೇ ಗೊತ್ತಿಲ್ಲದೆ ಲಲಿತಾ ಸಹಸ್ರನಾಮ ಬರುತ್ತಿತ್ತು. ಅಂಕಲ್ ಕೇಳಿಸಿಕೊಳ್ಳುತ್ತಿದ್ದರು.

"ಅದು ಏನು ಹಾಡು?"

"ಹಾಡಲ್ಲ, ಹೆಸರುಗಳು."

"ಯಾರದು?"

"ಒಬ್ಬರದೇ."

"ಹೂಂ" ಎಂದು ತಲೆಯಾಡಿಸಿ ಇನ್ನೊಂದು ತೋಟಾ ಕೊಟ್ಟರು.

ಮುಗಿದ ಮೇಲೆ ಪೆನ್ಸಿಲ್ ತಗೊಂಡು, ನಮ್ಮನೆಯವರ ಚೀಟಿಯ ಕೆಳಗೆ ಬರೆದರು. 'ಮೊದಲು ಬಟ್ಟು. ತಟ್ಟೆ ಎತ್ತಿ ನೋಡು.' ಬರೆದು, ಕೆಳಗೊಂದು ಗೆರೆ ಎಳೆದರು. "ನಿನ್ನ ಗಂಡನಿಗೆ ಹೇಳು, ತಕ್ಕಡಿ ಒಳ್ಳೆಯದೇ ಆರಿಸಿದ್ದಾನೆ" ಎಂದರು. "ನಾವಿಬ್ಬರೇ ಸರಿಯಿಲ್ಲ."

ಮನೆಗೆ ಬಂದು ಲೊಂಬಾರ್ಡ್‌ಗೆ ಫೋನ್ ಮಾಡಿದೆ. ಒಂದೇ ರಿಂಗ್‌ಗೆ ಎತ್ತಿದರು. ಎಲ್ಲ ಹೇಳಿದೆ. ಇವರು ಆ ಕಡೆ ಜೋರಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಕೊಡೋ ಮುಂಚೆ ಇನ್ನೊಂದು ಸಲ ನೋಡಬೇಕಿತ್ತು ನಾನು. ಲ್ಯಾಬಲ್ಲಾಗಿದ್ರೆ ನೋಡ್ತಿದ್ದೆ. ಮನೇಲಿ ಇದ್ದು ಇದ್ದು..." ಅಂತ ಅರ್ಧಕ್ಕೇ ನಿಲ್ಲಿಸಿದರು.

"ಆಯ್ತು ಬಿಡಿ. ಕಣ್ಣು ಉಳೀತು."

"ಅಲ್ಲಿ ಇನ್ನೂ ಮಂಜಾ?"

"ಇಲ್ಲೇನೂ ಕಾಣ್ತಾನೇ ಇರಲಿಲ್ಲ. ಈಗ ಬಿಡ್ತಾ ಇದೆ."

ನಿಜವಾಗಿ ಬಿಡುತ್ತಿತ್ತು. ಅಂಕಲ್ ಮನೆಯ ಮಾಡು ಮೊದಲು ಕಂಡಿತು, ಆಮೇಲೆ ಅವರ ಮೇಪಲ್ ಮರದ ತಲೆ, ಕೆಂಪಗೆ. ಬೆಳಿಗ್ಗೆ ನಾನು ಬೈದ ಮಂಜು ಅದೇ. ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿಗೆ ಒತ್ತಿ, ಅದರ ಹೆಸರನ್ನೇ ಮೊದಲು ಹೇಳಿದೆ. ಆಮೇಲೆ ಗೇಟು ತೆಗೆಯದ ಆ ಮನುಷ್ಯನದು, ಅವನು ಯಾರೋ ಏನೋ. ತಟ್ಟೆಯ ಕೆಳಗಿನ ಕಾಳನ್ನು ಎಲ್ಲಿಗೆ ಸೇರಿಸಬೇಕೆಂದು ತಿಳಿಯಲಿಲ್ಲ. ಹಾಗೇ ಬಿಟ್ಟೆ.

ಕೈಯನ್ನು ಮೂರು ಸಲ ಸೋಪಿನಲ್ಲಿ ತೊಳೆದೆ. ಮೊಸರು ಮುಗಿದಿತ್ತು, ಮಗಳಿಗೆ ಮೊಸರಿಲ್ಲದೆ ಊಟ ಇಳಿಯುವುದಿಲ್ಲ. ಹಾಲು ಕಾಯಿಸಿ, ಬೆರಳು ಅದ್ದಿ ಬಿಸಿ ನೋಡಿ, ಬಟ್ಟಲ ತಳದಲ್ಲಿ ಉಳಿದಿದ್ದ ಒಂದು ಚಮಚ ಹೆಪ್ಪು ಹಾಕಿ ಕದಡಿದೆ. ಈ ಚಳಿಯಲ್ಲಿ ಹೊರಗಿಟ್ಟರೆ ಹೆಪ್ಪಾಗುವುದಿಲ್ಲ. ಪಾತ್ರೆಗೆ ತಟ್ಟೆ ಮುಚ್ಚಿ, ಓವನ್ ಒಳಗಿಟ್ಟು, ಬೆಚ್ಚಗಿರಲಿ ಅಂತ ಒಳಗಿನ ದೀಪ ಹಾಕಿ ಬಾಗಿಲು ಮುಚ್ಚಿದೆ.